ಅಮೆರಿಕದಿಂದ ಯೂರೋಪಿಗೆ: ಗಂಟು ಕಟ್ಟುವ ಮುನ್ನ

ಮಕ್ಕಳು ಅಮೆರಿಕದಲ್ಲಿದ್ದಾರೆ ಎಂದು ಹೇಳುತ್ತಿದ್ದ ನಮ್ಮ ಹಿರಿಯರಲ್ಲಿ ಕೆಲವರು ಈಚೆಗೆ ರಾಜ್ಯೋತ್ಸವಕ್ಕೋ ದಾಸರ ಆರಾಧನೆಗೋ ಬಂದಾಗ ಹೊಸದೊಂದು ಪ್ರಶ್ನೆಯನ್ನು ಮುಂದಿಡುತ್ತಿದ್ದಾರೆ. ಮಗ ಅಲ್ಲಿಂದ ಜರ್ಮನಿಗೆ ಹೋಗುವ ಯೋಚನೆಯಲ್ಲಿದ್ದಾನೆ, ಅಳಿಯನಿಗೆ ಡಬ್ಲಿನ್ನಿನಲ್ಲಿ ಕೆಲಸ ಸಿಕ್ಕಿದೆ, ಮಗಳು ಆಮ್‌ಸ್ಟರ್‌ಡ್ಯಾಮಿಗೆ ಹೋಗಬೇಕೆನ್ನುತ್ತಾಳೆ. ಹೋಗುವುದಾದರೆ ಮೊದಲು ಏನೇನು ನೋಡಿಕೊಳ್ಳಬೇಕು? ಭಾರತದಿಂದ ಅಮೆರಿಕಕ್ಕೆ ಹೋಗುವವರಿಗೆ ಬುದ್ಧಿ ಹೇಳುವವರು ಬೀದಿಗೊಬ್ಬರು ಇದ್ದಾರೆ. ಅಲ್ಲಿಂದ ತಾಯ್ನಾಡಿಗೆ ಮರಳುವವರ ಅನುಭವಗಳೂ ಸಾಕಷ್ಟು ಬರೆಯಲ್ಪಟ್ಟಿವೆ. ಅಮೆರಿಕದಿಂದ ಯೂರೋಪಿನತ್ತ ಮುಖ ಮಾಡಿದ ಕನ್ನಡ ಕುಟುಂಬಗಳಿಗೆ ಮಾತ್ರ ದಾರಿ ತೋರುವ ಬರಹ ಕಡಿಮೆ.

ಮೇಲ್ನೋಟಕ್ಕೆ ಇದು ಎರಡು ಪರದೇಶಗಳ ನಡುವಣ ವ್ಯವಹಾರದಂತೆ ಕಾಣುತ್ತದೆ. ವಾಸ್ತವದಲ್ಲಿ ಮೂರು ದೇಶಗಳ ಲೆಕ್ಕ. ಊರಿನಲ್ಲಿ ತಂದೆತಾಯಿ ಇದ್ದಾರೆ, ಅವರ ಹೆಸರಿನಲ್ಲಿ ಮನೆ ಇದೆ, ಬ್ಯಾಂಕಿನಲ್ಲಿ ಠೇವಣಿ ಇದೆ. ಮಗ ದೇಶ ಬದಲಿಸಿದಾಗ ಇವುಗಳ ಮೇಲೂ ಪರಿಣಾಮವಾಗುತ್ತದೆ. ಹಾಗೆಯೇ ಅಮೆರಿಕ ಬಿಡುವ ಮುನ್ನ ಸುಲಭವಾಗಿ ಆಗುವ ಕೆಲಸಗಳು, ಬಿಟ್ಟ ಮೇಲೆ ಕಷ್ಟಸಾಧ್ಯವಾಗುತ್ತವೆ. ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲವು ವಿವರಗಳನ್ನು ಇಲ್ಲಿ ನೀಡುತ್ತಿದ್ದೇವೆ.

ಇಂತಹ ಯೋಚನೆ ಏಕೆ ಬರುತ್ತಿದೆ ಎಂಬುದು ಬಹುತೇಕರಿಗೆ ತಿಳಿದಿದೆ. ಉದ್ಯೋಗದ ಆಧಾರದ ಮೇಲೆ ಅಮೆರಿಕ ವರ್ಷಕ್ಕೆ ನೀಡುವ ಗ್ರೀನ್ ಕಾರ್ಡುಗಳು ಸುಮಾರು 1,40,000. ಯಾವುದೇ ಒಂದು ದೇಶದವರಿಗೆ ಅದರಲ್ಲಿ ಶೇಕಡಾ 7ರ ಮಿತಿ. ಲಕ್ಸೆಂಬರ್ಗ್‌ಗೂ ಅದೇ ಮಿತಿ, ಭಾರತಕ್ಕೂ ಅದೇ ಮಿತಿ. ಆದಕಾರಣ ನಮ್ಮವರ ಸರದಿ ದಶಕಗಳಷ್ಟು ಉದ್ದವಾಗಿದೆ. ಈ ನಡುವೆ ತಾಯಿತಂದೆಯರೊಡನೆ ಹೋದ ಮಗುವಿಗೆ 21 ವರ್ಷ ತುಂಬಿದರೆ ಅವಲಂಬಿತ ವೀಸಾ ಮುಗಿಯುತ್ತದೆ. ಅಲ್ಲಿಯೇ ಶಾಲೆ ಕಲಿತವನು ವಿದ್ಯಾರ್ಥಿ ವೀಸಾ ಕೇಳಿಕೊಂಡು ನಿಲ್ಲಬೇಕು. ಪತ್ನಿಗೆ ಕೆಲಸದ ಅನುಮತಿ ದೊರೆತದ್ದು 2015ರಿಂದ. ಅದೂ ಪತಿಯ ಐ-140 ಅರ್ಜಿ ಅಂಗೀಕೃತವಾಗಿದ್ದರೆ ಮತ್ತು ಇನ್ನು ಕೆಲವು ಷರತ್ತುಗಳೊಡನೆ. ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ತಂಡವನ್ನೇ ನಡೆಸುತ್ತಿದ್ದ ಹೆಣ್ಣುಮಗಳು ಅಲ್ಲಿ ಹತ್ತು ವರ್ಷ ಮನೆಯಲ್ಲಿ ಕುಳಿತ ನಿದರ್ಶನಗಳು ನಮ್ಮ ಬಳಗದಲ್ಲಿಯೇ ಇವೆ. ಯೂರೋಪಿನತ್ತ ನೋಡುವವರಲ್ಲಿ ಅರ್ಧದಷ್ಟು ಮಂದಿಗೆ ಸಂಬಳಕ್ಕಿಂತ ಇದೇ ಮುಖ್ಯ ಕಾರಣವೆಂದು ನಮ್ಮ ತಿಳಿವಳಿಕೆ.

ಹೊರಡುವವರು ಒಂದನ್ನು ಮರೆಯಬಾರದು. ಐ-140 ಅಂಗೀಕೃತವಾಗಿದ್ದರೆ, ವಂಚನೆ ಅಥವಾ ಗಂಭೀರ ಪ್ರಮಾದದ ಕಾರಣದಿಂದ ಅದು ರದ್ದಾಗದ ಹೊರತು, ಸರದಿಯ ದಿನಾಂಕ ದೇಶ ಬಿಟ್ಟ ಮೇಲೂ ನಮ್ಮದಾಗಿಯೇ ಉಳಿಯುತ್ತದೆ. ಮುಂದೆಂದಾದರೂ ಮತ್ತೊಬ್ಬ ಉದ್ಯೋಗದಾತ ಅರ್ಜಿ ಹಾಕಿದರೆ ಹಳೆಯ ದಿನಾಂಕವನ್ನೇ ಕೇಳಬಹುದು. ಆ ಅಂಗೀಕಾರ ಪತ್ರದ ಪ್ರತಿ ಕಂಪನಿಯ ವಕೀಲರ ಬಳಿಯಲ್ಲಿ ಮಾತ್ರವಿರುವುದು ಸಾಮಾನ್ಯ. ರಾಜೀನಾಮೆ ಕೊಡುವ ಮೊದಲು ಅದನ್ನು ಕೇಳಿ ಪಡೆದು ಇಟ್ಟುಕೊಳ್ಳಬೇಕು. ಆದರೆ ಮರಳುವ ದಾರಿ ಹಿಂದಿನಷ್ಟು ಅಗಲವಾಗಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ಅಧ್ಯಕ್ಷರ ಘೋಷಣೆಯೊಂದು, ದೇಶದ ಹೊರಗಿರುವವರ ಪರವಾಗಿ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕವನ್ನು ವಿಧಿಸಿತು. ಹೋಗಿ ನೋಡೋಣ, ಒಗ್ಗದಿದ್ದರೆ ಬಂದರಾಯಿತು ಎಂಬ ಲೆಕ್ಕಾಚಾರವನ್ನು ಇಂತಹ ಕಾಲದಲ್ಲಿ ನೆಚ್ಚಲಾಗದು.

ಮನೆಯವರೆಲ್ಲ ಕುಳಿತು ಮೊದಲು ಬರೆದುಕೊಳ್ಳಬೇಕಾದದ್ದು, ಯಾರು ಯಾವ ದೇಶದ ಪ್ರಜೆ, ಯಾರ ಬಳಿ ಯಾವ ಕಾರ್ಡ್ ಇದೆ ಎಂಬುದು. ಒಂದೇ ಮನೆಯಲ್ಲಿ ತಂದೆ ಎಚ್-1ಬಿಯಲ್ಲಿದ್ದು, ಹಿರಿಯ ಮಗಳು ಭಾರತದ ಪ್ರಜೆಯಾಗಿ, ಅಲ್ಲಿಯೇ ಜನಿಸಿದ ಕಿರಿಯ ಮಗ ಅಮೆರಿಕದ ಪ್ರಜೆಯಾಗಿರುವುದುಂಟು. ಇದರ ಮಹತ್ವ ತೆರಿಗೆಯಲ್ಲಿದೆ. ಜಗತ್ತಿನ ಬಹುತೇಕ ದೇಶಗಳು ತಮ್ಮ ನೆಲದಲ್ಲಿ ವಾಸಿಸುವವರ ಮೇಲೆ ಆದಾಯ ತೆರಿಗೆ ಹಾಕುತ್ತವೆ. ಅಮೆರಿಕವು ತನ್ನ ಪ್ರಜೆಗಳು ಮತ್ತು ಗ್ರೀನ್ ಕಾರ್ಡುದಾರರು ಎಲ್ಲಿಯೇ ಇದ್ದರೂ ಅವರ ಜಾಗತಿಕ ಆದಾಯವನ್ನು ಕೇಳುತ್ತದೆ. ಎಚ್-1ಬಿಯಲ್ಲಿದ್ದವರು ಹೊರಟು ಹೋದ ಮೇಲೆ, ಆ ವರ್ಷದ ವಿವರಪಟ್ಟಿಯನ್ನು ಸಲ್ಲಿಸಿದರೆ, ಬಹುಮಟ್ಟಿಗೆ ಋಣಮುಕ್ತರು. ಪ್ರಜೆಯಾದವರು ಮ್ಯೂನಿಕ್ಕಿನಲ್ಲಿ ಮೂವತ್ತು ವರ್ಷ ಕಳೆದರೂ ಪ್ರತಿವರ್ಷ ಅಮೆರಿಕಕ್ಕೆ ಲೆಕ್ಕ ಒಪ್ಪಿಸುತ್ತಲೇ ಇರಬೇಕು. ಎರಡೆರಡು ಬಾರಿ ತೆರಿಗೆ ಕಟ್ಟಬೇಕೆಂದೇನೂ ಅಲ್ಲ. 2025ನೇ ವರ್ಷಕ್ಕೆ 1,30,000 ಡಾಲರಿನವರೆಗಿನ ವಿದೇಶೀ ಸಂಪಾದನೆಗೆ ವಿನಾಯಿತಿ ಉಂಟು, ಯೂರೋಪಿನಲ್ಲಿ ಕಟ್ಟಿದ ತೆರಿಗೆಗೆ ಜಮೆಯೂ ಉಂಟು. ಆದರೆ ಲೆಕ್ಕ ಬರೆಯುವುದು ತಪ್ಪದು. ಅಮೆರಿಕದ ಹೊರಗಿನ ಖಾತೆಗಳಲ್ಲಿ ಎಲ್ಲ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ಮೀರಿದರೆ ಪ್ರತ್ಯೇಕ ವರದಿ ಬೇಕು. ಭಾರತದ ಅಥವಾ ಯೂರೋಪಿನ ಮ್ಯೂಚುವಲ್ ಫಂಡುಗಳಿಗೆ ಇನ್ನೂ ಬಿಗಿಯಾದ ನಿಯಮಗಳಿವೆ.

ಗ್ರೀನ್ ಕಾರ್ಡುದಾರರ ಸ್ಥಿತಿ ಇನ್ನೂ ಸೂಕ್ಷ್ಮ. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಕಾರ್ಡನ್ನು ತೋರಿಸಿ ಒಳಹೋಗುವುದು ಸಾಧ್ಯವಾಗದು. ಆರು ತಿಂಗಳು ಮೀರಿದರೂ ಪ್ರಶ್ನೆಗಳು ಏಳುತ್ತವೆ. ಮರಳುವ ಅನುಮತಿ ಪತ್ರಕ್ಕೆ ಅಮೆರಿಕದಲ್ಲಿದ್ದಾಗಲೇ ಅರ್ಜಿ ಹಾಕಬೇಕು. ಅದು ಸಾಮಾನ್ಯವಾಗಿ ಎರಡು ವರ್ಷಗಳ ಕಾಲಕ್ಕೆ. ಕಾರ್ಡ್ ತಾನಾಗಿಯೇ ಸತ್ತುಹೋಯಿತೆಂದು ಭಾವಿಸಿ ಸುಮ್ಮನಿದ್ದರೆ ತೆರಿಗೆಯ ಹೊಣೆ ಮಾತ್ರ ಬದುಕಿರುತ್ತದೆ. ಐ-407 ನಮೂನೆಯಲ್ಲಿ ಅದನ್ನು ವಿಧಿವತ್ತಾಗಿ ಒಪ್ಪಿಸಬೇಕು. ಹಿಂದಿನ 15 ತೆರಿಗೆ ವರ್ಷಗಳಲ್ಲಿ 8 ವರ್ಷ ಕಾರ್ಡ್ ಇದ್ದವರು ಅದನ್ನು ಬಿಡುವಾಗ ನಿರ್ಗಮನ ತೆರಿಗೆಯ ನಿಯಮಗಳು ಅನ್ವಯವಾಗುತ್ತವೆ. ಒಟ್ಟು ಆಸ್ತಿ 20 ಲಕ್ಷ ಡಾಲರ್ ಮುಟ್ಟಿದವರಿಗೆ ಅದು ನಿಜವಾದ ಹೊರೆ. ಬೆಂಗಳೂರಿನ ನಿವೇಶನವೂ ಆ ಒಟ್ಟಿನಲ್ಲಿ ಸೇರುತ್ತದೆ ಎಂಬುದನ್ನು ಗಮನಿಸಬೇಕು. ಏಳನೆಯ ವರ್ಷದಲ್ಲಿ ನಿರ್ಧರಿಸುವುದಕ್ಕೂ ಒಂಬತ್ತನೆಯ ವರ್ಷದಲ್ಲಿ ನಿರ್ಧರಿಸುವುದಕ್ಕೂ ಹೀಗೆ ಬಹಳ ವ್ಯತ್ಯಾಸವಿದೆ.

ಪಿಂಚಣಿಯ ವಿಚಾರದಲ್ಲಿ ಸಮಾಧಾನದ ಸಂಗತಿಯಿದೆ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ವೃದ್ಧಾಪ್ಯ ವೇತನಕ್ಕೆ 40 ಅಂಕಗಳು, ಅಂದರೆ ಸುಮಾರು ಹತ್ತು ವರ್ಷಗಳ ದುಡಿಮೆ ಬೇಕು. ಏಳು ವರ್ಷ ದುಡಿದು ಭಾರತಕ್ಕೆ ಮರಳಿದವರಿಗೆ ಕಟ್ಟಿದ್ದು ನೀರಿನಲ್ಲಿ ಹೋಮ ಮಾಡಿದಂತೆಯೇ ಸರಿ; ಭಾರತ ಮತ್ತು ಅಮೆರಿಕದ ನಡುವೆ ಸಾಮಾಜಿಕ ಭದ್ರತಾ ಒಪ್ಪಂದವಿಲ್ಲ. ಆದರೆ ಜರ್ಮನಿ, ನೆದರ್ಲೆಂಡ್ಸ್, ಐರ್ಲೆಂಡ್, ಫ್ರಾನ್ಸ್, ಸ್ವೀಡನ್, ಬ್ರಿಟನ್ ಮೊದಲಾದ ದೇಶಗಳೊಡನೆ ಅಮೆರಿಕಕ್ಕೆ ಅಂತಹ ಒಪ್ಪಂದವಿದೆ. ಏಳು ವರ್ಷ ಅಮೆರಿಕದಲ್ಲಿ, ಆಮೇಲೆ ಮೂರೋ ನಾಲ್ಕೋ ವರ್ಷ ಜರ್ಮನಿಯಲ್ಲಿ ದುಡಿದವರ ಅವಧಿಗಳನ್ನು ಅರ್ಹತೆಗಾಗಿ ಕೂಡಿಸಿ ನೋಡಲಾಗುತ್ತದೆ. ಎರಡೂ ದೇಶಗಳು ತಮ್ಮ ತಮ್ಮ ಪಾಲನ್ನು ಬೇರೆ ಬೇರೆಯಾಗಿ ಕೊಡುತ್ತವೆ. ಇದಕ್ಕೆ ಅಮೆರಿಕದಲ್ಲಿ ಕನಿಷ್ಠ 6 ಅಂಕಗಳಾದರೂ ಇರಬೇಕು. ಹೊರಡುವ ಮುನ್ನ ಸೋಷಿಯಲ್ ಸೆಕ್ಯುರಿಟಿಯ ಗಳಿಕೆ ವಿವರವನ್ನು ಮುದ್ರಿಸಿ ಇಟ್ಟುಕೊಂಡರೆ ಮುಂದೆ ಅರವತ್ತೈದರ ವಯಸ್ಸಿನಲ್ಲಿ ಹುಡುಕುವ ಕಷ್ಟ ತಪ್ಪುತ್ತದೆ.

401-ಕೆ ನಿಧಿಯನ್ನು ಅವಸರದಲ್ಲಿ ಮುರಿಯುವುದು ಸಲ್ಲದು. 59 ವರ್ಷ 6 ತಿಂಗಳಿಗೆ ಮುನ್ನ ತೆಗೆದರೆ ಸಾಮಾನ್ಯವಾಗಿ ಆದಾಯ ತೆರಿಗೆಯ ಮೇಲೆ ಶೇಕಡಾ 10ರ ದಂಡವಿದೆ. ಅದನ್ನು ಅಲ್ಲಿಯೇ ಬಿಡಬಹುದು. ಆದರೆ ಯೂರೋಪಿನ ವಿಳಾಸ ಕೊಟ್ಟೊಡನೆ ಹೊಸ ಹೂಡಿಕೆಗೆ ನಿರ್ಬಂಧ ಹಾಕುವ ಸಂಸ್ಥೆಗಳಿರುವುದರಿಂದ, ಹೊರಡುವ ಮೊದಲೇ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ಕಂಪನಿ ಕೊಟ್ಟ ಷೇರುಗಳ ಬಗ್ಗೆಯೂ ಎಚ್ಚರ ಬೇಕು. ಜರ್ಮನಿಯಲ್ಲಿ ನೆಲೆಸಿದ ಮೇಲೆ ಮಾರಿದರೆ, ಮೂಲ ಕೊಳ್ಳುವಿಕೆಯ ಬೆಲೆಯಿಂದ ಲಾಭವನ್ನು ಲೆಕ್ಕ ಹಾಕಿ ಶೇಕಡಾ 25 ಮತ್ತು ಅದರ ಮೇಲೆ ಅಧಿಭಾರ ವಿಧಿಸುತ್ತಾರೆ. ಆ ಲಾಭವೆಲ್ಲ ಅಮೆರಿಕದಲ್ಲಿದ್ದಾಗ ಬಂದದ್ದು ಎಂಬ ವಾದ ಅಲ್ಲಿ ನಡೆಯದು.

ಇನ್ನು ಊರಿನ ಆಸ್ತಿಯ ವಿಚಾರ. ಹೋಗುವ ಮಕ್ಕಳಿಗಿಂತ ಇಲ್ಲಿರುವ ತಂದೆತಾಯಿಯರೇ ಇದನ್ನು ಹೆಚ್ಚಾಗಿ ಓದಬೇಕೆಂದು ನಮ್ಮ ಕೋರಿಕೆ. ಭಾರತದಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲಿಯೇ ರದ್ದಾಯಿತು. ತಂದೆಯ ಮನೆ ಮಗನಿಗೆ ಬಂದರೆ ತೆರಿಗೆಯಿಲ್ಲ ಎಂಬುದು ನಮಗೆ ಎಷ್ಟು ರೂಢಿಯಾಗಿದೆ ಎಂದರೆ, ಬೇರೆಡೆ ಹಾಗಿಲ್ಲದಿರಬಹುದೆಂಬ ಅನುಮಾನವೂ ಬರುವುದಿಲ್ಲ. ಮಗ ಅಮೆರಿಕದಲ್ಲಿದ್ದಾಗಲೂ ತೊಂದರೆಯಿರಲಿಲ್ಲ. ಅಲ್ಲಿಯ ತೆರಿಗೆ ತೀರಿಕೊಂಡವರ ಆಸ್ತಿಯ ಮೇಲೆ, ಪಡೆದವರ ಮೇಲೆ ಅಲ್ಲ. ಭಾರತದಲ್ಲಿದ್ದ ತಂದೆಯಿಂದ ಒಂದು ಲಕ್ಷ ಡಾಲರಿಗಿಂತ ಹೆಚ್ಚು ಬಂದರೆ ವರದಿ ಸಲ್ಲಿಸಿದರೆ ಸಾಕು. ಜರ್ಮನಿಯ ಕಾನೂನು ಹೀಗಿಲ್ಲ. ತೀರಿಕೊಂಡವರು ಅಥವಾ ಉತ್ತರಾಧಿಕಾರಿ, ಇಬ್ಬರಲ್ಲಿ ಯಾರೊಬ್ಬರು ಜರ್ಮನಿಯ ನಿವಾಸಿಯಾಗಿದ್ದರೂ ಉತ್ತರಾಧಿಕಾರ ತೆರಿಗೆ ತಗಲುತ್ತದೆ. ಆಸ್ತಿ ಮಲ್ಲೇಶ್ವರದಲ್ಲಿದ್ದರೂ ಸರಿ, ಮಾಟುಂಗದಲ್ಲಿದ್ದರೂ ಸರಿ. ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ತಲಾ 4 ಲಕ್ಷ ಯೂರೋ ವಿನಾಯಿತಿಯಿದೆ. ಯೂರೋವಿಗೆ ನೂರು ರೂಪಾಯಿ ಎಂದು ಹಿಡಿದರೆ ನಾಲ್ಕು ಕೋಟಿ. ಕೇಳುವುದಕ್ಕೆ ದೊಡ್ಡ ಮೊತ್ತ. ಆದರೆ ನಲವತ್ತು ವರ್ಷಗಳ ಹಿಂದೆ ಸರ್ಕಾರಿ ನೌಕರರೊಬ್ಬರು ಜಯನಗರದಲ್ಲಿ ಕೊಂಡ ನಿವೇಶನದ ಇಂದಿನ ಬೆಲೆಯನ್ನು ವಿಚಾರಿಸಿದರೆ ಈ ಮೊತ್ತ ಅಷ್ಟು ದೊಡ್ಡದಲ್ಲ ಎಂಬುದು ಅರಿವಾಗುತ್ತದೆ. ಮಿತಿ ಮೀರಿದ ಭಾಗಕ್ಕೆ ಮಕ್ಕಳ ಪಾಲಿನಲ್ಲಿ ಶೇಕಡಾ 7ರಿಂದ 30ರವರೆಗೆ ದರವಿದೆ. ಅಣ್ಣತಮ್ಮಂದಿರಿಂದ, ಚಿಕ್ಕಪ್ಪ ಸೋದರಮಾವಂದಿರಿಂದ ಬಂದದ್ದಕ್ಕೆ ವಿನಾಯಿತಿ ಕೇವಲ 20,000 ಯೂರೋ. ದಾನಪತ್ರದ ಮೂಲಕ ಕೊಟ್ಟರೂ ಇದೇ ಕಾನೂನು. ವಿನಾಯಿತಿ ಹತ್ತು ವರ್ಷಕ್ಕೊಮ್ಮೆ ಹೊಸದಾಗುತ್ತದೆ ಎಂಬುದಷ್ಟೇ ಅನುಕೂಲ.

ಪಕ್ಕದ ನೆದರ್ಲೆಂಡ್ಸ್‌ನಲ್ಲಿ ತೀರಿಕೊಂಡವರು ಎಲ್ಲಿ ವಾಸವಿದ್ದರು ಎಂಬುದನ್ನು ನೋಡುತ್ತಾರೆ. ಮೈಸೂರಿನಲ್ಲಿದ್ದ ತಂದೆಯ ಮನೆ ಆಮ್‌ಸ್ಟರ್‌ಡ್ಯಾಮಿನ ಮಗಳಿಗೆ ಬಂದರೆ ಅಲ್ಲಿಯ ಉತ್ತರಾಧಿಕಾರ ತೆರಿಗೆ ಇಲ್ಲ. ಐರ್ಲೆಂಡಿನಲ್ಲಿ ಶೇಕಡಾ 33ರ ತೆರಿಗೆಯಿದೆ, ಮಕ್ಕಳಿಗೆ ವಿನಾಯಿತಿ ಮಿತಿ 2024ರ ಅಕ್ಟೋಬರ್‌ನಿಂದ 4 ಲಕ್ಷ ಯೂರೋ. ಆದರೆ ಅಲ್ಲಿಗೆ ಹೊಸದಾಗಿ ಹೋದ ನಮ್ಮವರಿಗೆ, ಸತತ ಐದು ತೆರಿಗೆ ವರ್ಷ ವಾಸವಾಗುವ ತನಕ, ವಿದೇಶದಲ್ಲಿರುವ ಆಸ್ತಿಯ ಮಟ್ಟಿಗೆ ಅದು ತಗಲುವುದಿಲ್ಲ. ಮೂರು ದೇಶ, ಮೂರು ನ್ಯಾಯ. ಸಂಬಳದ ಪತ್ರ ಬಂದಾಗ ಇಬ್ಬರು ಉದ್ಯೋಗದಾತರನ್ನು ತೂಗಿ ನೋಡುವವರು ಇದನ್ನೂ ತಕ್ಕಡಿಗೆ ಹಾಕಬೇಕು. ತೆರಿಗೆ ಉಳಿಸಲೆಂದು ತಂದೆತಾಯಿ ತಾವು ವಾಸಿಸುವ ಮನೆಯನ್ನು ಬದುಕಿರುವಾಗಲೇ ಬರೆದುಕೊಡುವುದನ್ನು ಮಾತ್ರ ನಾವು ಒಪ್ಪುವವರಲ್ಲ. ಬ್ಯಾಂಕಿನ ಕಿಟಕಿಯ ಈಚೆ ಕುಳಿತು ಅದರ ಫಲವನ್ನು ಸಾಕಷ್ಟು ಕಂಡಿದ್ದೇವೆ. ಖಾಲಿ ನಿವೇಶನ, ಎರಡನೆಯ ಮನೆ, ದೊಡ್ಡ ಠೇವಣಿಗಳ ಮಟ್ಟಿಗೆ, ಮಗ ಯೂರೋಪಿನಲ್ಲಿ ಮನೆ ಮಾಡುವ ಮೊದಲು ವಕೀಲರನ್ನೂ ಅಲ್ಲಿಯ ತೆರಿಗೆ ಸಲಹೆಗಾರರನ್ನೂ ಒಮ್ಮೆ ಕೇಳುವುದು ಯುಕ್ತ.

ಉಯಿಲಿನ ಬಗ್ಗೆ ಒಂದು ಮಾತು. 2015ರ ಆಗಸ್ಟ್ 17ರಿಂದ ಐರೋಪ್ಯ ಒಕ್ಕೂಟದ ಬಹುತೇಕ ದೇಶಗಳಲ್ಲಿ, ವ್ಯಕ್ತಿ ಕೊನೆಯದಾಗಿ ಎಲ್ಲಿ ನೆಲೆಸಿದ್ದನೋ ಆ ದೇಶದ ಉತ್ತರಾಧಿಕಾರ ಕಾನೂನು ಅನ್ವಯಿಸುತ್ತದೆ. ತನ್ನ ಪೌರತ್ವದ ದೇಶದ ಕಾನೂನೇ ಅನ್ವಯವಾಗಲಿ ಎಂದು ಉಯಿಲಿನಲ್ಲಿ ಸ್ಪಷ್ಟವಾಗಿ ಬರೆಯುವ ಅವಕಾಶ ಅದರಲ್ಲಿದೆ. ಐರ್ಲೆಂಡ್ ಮತ್ತು ಡೆನ್ಮಾರ್ಕ್ ಈ ನಿಯಮದಿಂದ ಹೊರಗಿವೆ. ಅಮೆರಿಕದಲ್ಲಿ ಮಾಡಿಸಿದ ಉಯಿಲನ್ನು ಹಾಗೆಯೇ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದರೆ ಸಾಲದು.

ಬ್ಯಾಂಕ್ ಖಾತೆಗಳ ವಿಚಾರಕ್ಕೆ ಬಂದರೆ, ನಾಸಿಕ್ ಜಿಲ್ಲೆಯ ಸಟಾಣಾದಂತಹ ತಾಲ್ಲೂಕು ಕೇಂದ್ರದಲ್ಲಿಯೂ ಎನ್‌ಆರ್‌ಇ ಠೇವಣಿಗಳ ಬಗ್ಗೆ ವಿಚಾರಿಸಲು ಬರುವ ಪೋಷಕರನ್ನು ನಾವು ಕಾಣುತ್ತೇವೆ. ಈರುಳ್ಳಿ, ದಾಳಿಂಬೆ, ದ್ರಾಕ್ಷಿಗಳ ಈ ಊರಿನಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಆದರೆ ಮರಾಠಿ ಮನೆಯವರಾಗಲಿ ಕನ್ನಡ ಮನೆಯವರಾಗಲಿ, ಕೇಳುವ ಪ್ರಶ್ನೆ ಒಂದೇ. ಮಗ ದೇಶ ಬದಲಿಸಿದರೆ ಖಾತೆ ಬದಲಿಸಬೇಕೇ? ಬೇಡ. ಅಮೆರಿಕದಲ್ಲಿದ್ದರೂ ಯೂರೋಪಿನಲ್ಲಿದ್ದರೂ ಅವನು ಅನಿವಾಸಿಯೇ. ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳು ಮುಂದುವರಿಯುತ್ತವೆ. ಬದಲಾಗಬೇಕಾದದ್ದು ವಿಳಾಸ ಮತ್ತು ತೆರಿಗೆ ನಿವಾಸದ ಘೋಷಣೆ. ಇದನ್ನು ಮಾಡದೆ ಬಿಟ್ಟವರೇ ಹೆಚ್ಚು. ಅಮೆರಿಕಕ್ಕೆ ಫ್ಯಾಟ್ಕಾ ಒಪ್ಪಂದದ ಮೂಲಕ ಮಾಹಿತಿ ಹೋಗುತ್ತಿದ್ದಂತೆ, ಯೂರೋಪಿನ ದೇಶಗಳಿಗೆ ಸಿಆರ್‌ಎಸ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯ ಮೂಲಕ ಖಾತೆಯ ಶಿಲ್ಕು, ಬಡ್ಡಿ ಎಲ್ಲವೂ ತಿಳಿಯುತ್ತದೆ. ಎನ್‌ಆರ್‌ಇ ಬಡ್ಡಿಗೆ ತೆರಿಗೆಯಿಲ್ಲ ಎಂಬ ಮಾತು ಭಾರತದ ಮಟ್ಟಿಗೆ ಸತ್ಯ. ಅಮೆರಿಕದಲ್ಲಿ ಅದು ಸತ್ಯವಾಗಿರಲಿಲ್ಲ, ಜರ್ಮನಿಯಲ್ಲಿಯೂ ಸತ್ಯವಲ್ಲ. ಎನ್‌ಆರ್‌ಒ ಬಡ್ಡಿಯ ಮೇಲೆ ಮೂಲದಲ್ಲಿಯೇ ಶೇಕಡಾ 30 ಮತ್ತು ಅಧಿಭಾರ ಕಡಿತವಾಗುತ್ತದೆ. ಅಮೆರಿಕದ ಒಪ್ಪಂದದಂತೆ ಇದು ಶೇಕಡಾ 15, ಜರ್ಮನಿ ಮತ್ತು ನೆದರ್ಲೆಂಡ್ಸ್ ಒಪ್ಪಂದಗಳಂತೆ ಶೇಕಡಾ 10. ಈ ರಿಯಾಯಿತಿಗೆ ಹೊಸ ದೇಶದ ತೆರಿಗೆ ನಿವಾಸ ಪ್ರಮಾಣಪತ್ರ ಬೇಕು. ನೆದರ್ಲೆಂಡ್ಸ್‌ಗೆ ಹೋಗುವವರು ಇನ್ನೂ ಒಂದನ್ನು ತಿಳಿದಿರಬೇಕು. ಹೊರಗಿನಿಂದ ನೇಮಕಗೊಂಡ ನೌಕರರ ಸಂಬಳದಲ್ಲಿ ಶೇಕಡಾ 30ರವರೆಗೆ ತೆರಿಗೆಯಿಲ್ಲದ ಭತ್ಯೆ ಐದು ವರ್ಷ ದೊರೆಯುತ್ತದೆ. 2027ರಿಂದ ಅದನ್ನು 27ಕ್ಕೆ ಇಳಿಸಲು ಕಾನೂನಾಗಿದೆ. ಆದರೆ ಅದರ ಜೊತೆಗೆ ಬರುತ್ತಿದ್ದ, ಹೊರದೇಶದ ಉಳಿತಾಯಕ್ಕೆ ಸಿಗುತ್ತಿದ್ದ ವಿನಾಯಿತಿ 2025ರಿಂದ ಹೊಸಬರಿಗೆ ಇಲ್ಲ.

ನಾಸಿಕ್‌ನಿಂದ ಯೂರೋಪಿಗೆ ಹೋಗುವ ದ್ರಾಕ್ಷಿಯ ಪ್ರತಿ ಪೆಟ್ಟಿಗೆಗೂ ಅದು ಯಾವ ತೋಟದ್ದೆಂಬ ದಾಖಲೆ ಇರುತ್ತದೆ. ಔಷಧಿಯ ಅಂಶದ ಪರೀಕ್ಷೆಯ ಪತ್ರವೂ ಜೊತೆಗಿರುತ್ತದೆ. ಕಾಗದವಿಲ್ಲದ ಹಣ್ಣು ಎಷ್ಟೇ ಸಿಹಿಯಾಗಿದ್ದರೂ ಬಂದರಿನಲ್ಲಿಯೇ ನಿಲ್ಲುತ್ತದೆ. ಮನುಷ್ಯರ ಪಾಡೂ ಅಲ್ಲಿ ಬೇರೆಯಲ್ಲ. ನಮ್ಮವರಿಗೆ ಹೆಚ್ಚಿನ ತೊಡಕು ಹೆಸರಿನಿಂದಲೇ ಆರಂಭವಾಗುತ್ತದೆ. ಬೇಂದ್ರೆಯವರಿಗೆ ಮನೆತನದ ಹೆಸರಿತ್ತು, ತೊಂದರೆಯಿಲ್ಲ. ಡಿ. ವಿ. ಗುಂಡಪ್ಪನವರ ಹೆಸರಿನಲ್ಲಿ ಡಿ ಎಂದರೆ ದೇವನಹಳ್ಳಿ, ವಿ ಎಂದರೆ ತಂದೆ ವೆಂಕಟರಮಣಯ್ಯ. ಡಿವಿಜಿಯವರು ಫ್ರಾಂಕ್‌ಫರ್ಟಿನ ನೋಂದಣಿ ಕಚೇರಿಯಲ್ಲಿ ನಿಂತಿದ್ದರೆ, ನಿಮ್ಮ ಕುಟುಂಬದ ಹೆಸರು ಯಾವುದು ಎಂಬ ಪ್ರಶ್ನೆಗೆ ಉತ್ತರಿಸಲು ಒಂದು ಕಗ್ಗವನ್ನೇ ಬರೆಯಬೇಕಾಗುತ್ತಿತ್ತೇನೋ. ಹಳೆ ಮೈಸೂರಿನ ಕಡೆಯ ಅನೇಕರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ಅಮೆರಿಕದ ವೀಸಾದಲ್ಲಿ ಅದು ಎಫ್‌ಎನ್‌ಯು, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದಾಗುತ್ತದೆ. ಚಾಲನಾ ಪರವಾನಗಿಯಲ್ಲಿ ಅದೇ, ಮಗುವಿನ ಜನನ ಪತ್ರದಲ್ಲಿ ತಂದೆಯ ಹೆಸರೂ ಅದೇ. ಪತ್ನಿಗೆ ಪತಿಯ ಹೆಸರು ಉಪನಾಮ, ಮಗುವಿಗೆ ತಂದೆಯ ಹೆಸರು ಉಪನಾಮ, ತಂದೆಗೆ ತಾತನ ಹೆಸರು ಉಪನಾಮ. ಒಂದೇ ಮನೆಯ ನಾಲ್ವರಿಗೆ ಎರಡು ಉಪನಾಮಗಳು. ಅಮೆರಿಕದಲ್ಲಿ ಇದು ಹೇಗೋ ಸಾಗುತ್ತದೆ. ಯೂರೋಪಿನ ಕಚೇರಿಗಳಲ್ಲಿ, ವಿಶೇಷವಾಗಿ ಜರ್ಮನಿಯಲ್ಲಿ, ಸಾಗುವುದಿಲ್ಲ.

ಆದ್ದರಿಂದ ಹೆಸರನ್ನು ಅಮೆರಿಕದಲ್ಲಿರುವಾಗಲೇ ಭಾರತೀಯ ದೂತಾವಾಸ ಕಚೇರಿಯ ಮೂಲಕ ಪಾಸ್‌ಪೋರ್ಟಿನಲ್ಲಿ ಸರಿಪಡಿಸಿಕೊಂಡು, ಆ ಬಳಿಕ ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸಬೇಕು. ಅಲ್ಲಿ ಜನಿಸಿದ ಮಕ್ಕಳ ಜನನ ಪತ್ರಕ್ಕೆ ಅಪೊಸ್ಟಿಲ್ ಮುದ್ರೆಯನ್ನು ಆಯಾ ರಾಜ್ಯದ ಸರ್ಕಾರವೇ ಕೊಡಬೇಕು. ಟೆಕ್ಸಾಸ್‌ನಲ್ಲಿ ಹುಟ್ಟಿದ ಮಗುವಿಗೆ ನ್ಯೂಜೆರ್ಸಿಯಲ್ಲಿ ಅದು ಸಿಗದು. ಭಾರತ 2005ರಲ್ಲಿ ಅಪೊಸ್ಟಿಲ್ ಒಡಂಬಡಿಕೆಗೆ ಸೇರಿದಾಗ ಆಕ್ಷೇಪಣೆ ಸಲ್ಲಿಸಿದ ದೇಶಗಳಲ್ಲಿ ಜರ್ಮನಿಯೂ ಒಂದು. ಹೀಗಾಗಿ ನಮ್ಮ ವಿವಾಹ ಪತ್ರ, ಜನನ ಪತ್ರಗಳನ್ನು ಯಾವ ರೀತಿ ದೃಢೀಕರಿಸಿ ತರಬೇಕೆಂದು ಜರ್ಮನ್ ದೂತಾವಾಸವನ್ನು ಮುಂಚೆಯೇ ಕೇಳಿ ತಿಳಿಯಬೇಕು. ಇನ್ನು ವಿವಾಹ ಪತ್ರವೇ ಇಲ್ಲದವರ ಗತಿ! ಲಗ್ನಪತ್ರಿಕೆ, ಕಲ್ಯಾಣ ಮಂಟಪದ ರಸೀದಿ, ಧಾರೆಯ ಫೋಟೋ ಇವಿಷ್ಟನ್ನೇ ಇಟ್ಟುಕೊಂಡ ದಂಪತಿಗಳು ನಮ್ಮಲ್ಲಿ ಬಹಳ. ಕರ್ನಾಟಕದಲ್ಲಿ 1976ರ, ಮಹಾರಾಷ್ಟ್ರದಲ್ಲಿ 1998ರ ಕಾಯಿದೆಯಡಿ ನೋಂದಣಿ ಸಾಧ್ಯ. ತಡವಾಗಿಯಾದರೂ ಮಾಡಿಸಿಕೊಳ್ಳಬಹುದು, ಆದರೆ ಅದಕ್ಕೆ ಊರಿಗೆ ಬಂದು ಹೋಗುವ ಸಮಯ ಬೇಕು. ಆಸ್ತಿಗಾಗಿ ತಂದೆಗೋ ತಮ್ಮನಿಗೋ ವಿದೇಶದಿಂದ ಅಧಿಕಾರ ಪತ್ರ ಕಳುಹಿಸುವವರು, ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕೆಂಬುದನ್ನು ನೆನಪಿಡಬೇಕು. ಪದವಿಯ ವಿಚಾರದಲ್ಲಿ, ನಾವು ಓದಿದ ವಿಶ್ವವಿದ್ಯಾಲಯಕ್ಕೆ ಮನ್ನಣೆಯಿದೆಯೇ ಎಂಬುದನ್ನು ಜರ್ಮನಿಯ ಅನಾಬಿನ್ ಪಟ್ಟಿಯಲ್ಲಿ ನೋಡಬಹುದು.

ತಂದೆತಾಯಿಯರ ಭೇಟಿಯ ಪ್ರಶ್ನೆ ಬಂದಾಗ ಮನೆಯಲ್ಲಿ ಮಾತು ಸ್ವಲ್ಪ ಭಾರವಾಗುತ್ತದೆ. ಅಮೆರಿಕಕ್ಕೆ ಹೋದವರಿಗೆ ಸಾಮಾನ್ಯವಾಗಿ ಆರು ತಿಂಗಳ ತಂಗುವಿಕೆ ದೊರೆಯುತ್ತಿತ್ತು. ಬಾಣಂತನಕ್ಕೆ ಹೋಗಿ, ಮಗು ಬೋರಲಾಗುವ ತನಕ ಇದ್ದು ಬರುವ ಅಜ್ಜಿಯರಿಗೆ ಅದು ಹಿಡಿಸುತ್ತಿತ್ತು. ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ. 2024ರ ಏಪ್ರಿಲ್‌ನಿಂದ ಭಾರತೀಯರಿಗೆ, ಮೂರು ವರ್ಷದೊಳಗೆ ಎರಡು ವೀಸಾಗಳನ್ನು ಸರಿಯಾಗಿ ಬಳಸಿದವರಿಗೆ, ಎರಡು ವರ್ಷದ ಬಹುಪ್ರವೇಶ ವೀಸಾ, ಆ ಬಳಿಕ ಐದು ವರ್ಷದ್ದು ಸಿಗುವ ಏರ್ಪಾಡಾಗಿದೆ. ಆದರೂ ತೊಂಬತ್ತು ದಿನದ ಮಿತಿ ಹಾಗೆಯೇ ಇದೆ. ಐರ್ಲೆಂಡ್ ಷೆಂಗೆನ್‌ಗೆ ಸೇರಿಲ್ಲ. ಅದಕ್ಕೆ ಬೇರೆಯೇ ವೀಸಾ. ಶಾಶ್ವತವಾಗಿ ಕರೆಸಿಕೊಳ್ಳುವ ವಿಚಾರದಲ್ಲಿ ಅಮೆರಿಕದ ಪ್ರಜೆಯಾದ ಮಗ ತಂದೆತಾಯಿಗೆ ಸರದಿಯಿಲ್ಲದೆ ಅರ್ಜಿ ಹಾಕಬಹುದು. ಆ ಹಂತಕ್ಕೆ ಹತ್ತಿರ ಬಂದವರು ಹೊರಡುವ ಮುನ್ನ ಎರಡು ಬಾರಿ ಯೋಚಿಸಬೇಕು. ಜರ್ಮನಿಯಲ್ಲಿ 2024ರ ಮಾರ್ಚ್ 1ರಿಂದ, ಅಂದಿನಿಂದೀಚೆಗೆ ಮೊದಲ ಬಾರಿ ನುರಿತ ನೌಕರರ ಪರವಾನಗಿ ಪಡೆದವರು ತಂದೆತಾಯಿಯನ್ನು ಕರೆಸಿಕೊಳ್ಳಲು ದಾರಿ ತೆರೆದಿದೆ. ಆದರೆ ಅವರ ಜೀವನ ನಿರ್ವಹಣೆಯ ಜೊತೆಗೆ ಆರೋಗ್ಯ ವಿಮೆಯನ್ನೂ ತೋರಿಸಬೇಕು. ಎಪ್ಪತ್ತು ದಾಟಿ, ಸಕ್ಕರೆ ಕಾಯಿಲೆಯಿರುವವರಿಗೆ ಅಂತಹ ವಿಮೆ ದೊರಕಿಸುವುದು ಸುಲಭವಲ್ಲ. ಕಾಗದದ ಮೇಲಿನ ಅನುಮತಿಯನ್ನು ನಂಬಿ ಊರಿನ ಮನೆ ಖಾಲಿ ಮಾಡಬಾರದು.

ಉದ್ಯೋಗದ ಮಟ್ಟಿಗೆ ದಾರಿಗಳು ಹೆಚ್ಚು ನೇರವಾಗಿವೆ. ಜರ್ಮನಿಯ ಬ್ಲೂ ಕಾರ್ಡಿಗೆ 2025ರಲ್ಲಿ ಬೇಕಾಗಿದ್ದ ಕನಿಷ್ಠ ವಾರ್ಷಿಕ ಸಂಬಳ 48,300 ಯೂರೋ. ಕೊರತೆಯಿರುವ ವೃತ್ತಿಗಳಿಗೆ ಇನ್ನೂ ಕಡಿಮೆ. ಪತ್ನಿಗೆ ಅಥವಾ ಪತಿಗೆ ಮೊದಲ ದಿನದಿಂದಲೇ ಕೆಲಸ ಮಾಡುವ ಹಕ್ಕು. ನೆದರ್ಲೆಂಡ್ಸ್‌ನ ನುರಿತ ನೌಕರರ ಯೋಜನೆಯಲ್ಲಿಯೂ, ಐರ್ಲೆಂಡಿನ ಕ್ರಿಟಿಕಲ್ ಸ್ಕಿಲ್ಸ್ ಪರವಾನಗಿಯಲ್ಲಿಯೂ ಹಾಗೆಯೇ. ಬ್ಲೂ ಕಾರ್ಡಿನವರು ಬಿ-1 ಮಟ್ಟದ ಜರ್ಮನ್ ಕಲಿತರೆ 21 ತಿಂಗಳಿಗೆ, ಎ-1 ಮಟ್ಟದ್ದಾದರೆ 27 ತಿಂಗಳಿಗೆ ಶಾಶ್ವತ ವಾಸದ ಪರವಾನಗಿ ಕೇಳಬಹುದು. ಅಮೆರಿಕದಲ್ಲಿ ದಶಕಗಳು ಕಾದವರಿಗೆ ಇದು ನಂಬಲಾಗದಂತಹ ಮಾತು. 2024ರ ಜೂನ್‌ನಿಂದ ಜರ್ಮನಿ ಐದು ವರ್ಷಕ್ಕೆ ಪೌರತ್ವ ನೀಡುತ್ತಿದೆ, ದ್ವಿಪೌರತ್ವವನ್ನೂ ಒಪ್ಪುತ್ತದೆ. ಆದರೆ ಭಾರತ ಒಪ್ಪುವುದಿಲ್ಲ. ಅಲ್ಲಿಯ ಪ್ರಜೆಯಾದೊಡನೆ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ ಒಸಿಐ ಕಾರ್ಡ್ ಪಡೆಯಬೇಕು.

ಸಂಬಳ ಕಡಿಮೆಯಾಗುತ್ತದೆ, ಅದರಲ್ಲಿ ಸಂಶಯವಿಲ್ಲ. ಕ್ಯಾಲಿಫೋರ್ನಿಯಾದ ಸಂಬಳವನ್ನು ಯೂರೋಪಿನಲ್ಲಿ ನಿರೀಕ್ಷಿಸಬಾರದು. ಬದಲಿಗೆ ವರ್ಷಕ್ಕೆ ಕನಿಷ್ಠ ನಾಲ್ಕು ವಾರಗಳ ಸಂಬಳಸಹಿತ ರಜೆ ಒಕ್ಕೂಟದ ಕಾನೂನಿನಂತೆಯೇ ಇದೆ. ಅಮೆರಿಕದಲ್ಲಿ ಅಂತಹ ರಾಷ್ಟ್ರೀಯ ಕಾನೂನಿಲ್ಲ. ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆಯಲ್ಲಿ ಆದಾಯವಿಲ್ಲದ ಪತ್ನಿ ಮತ್ತು ಮಕ್ಕಳಿಗೆ ಬೇರೆ ಕಂತಿಲ್ಲ. ಹೆಚ್ಚು ಸಂಬಳದವರಿಗೆ ಖಾಸಗಿ ವಿಮೆ ಆರಂಭದಲ್ಲಿ ಅಗ್ಗವಾಗಿ ಕಾಣಬಹುದು, ಆದರೆ ಅದರಿಂದ ಸಾರ್ವಜನಿಕ ವಿಮೆಗೆ ಮರಳುವುದು, ಅದರಲ್ಲೂ 55 ದಾಟಿದ ಮೇಲೆ, ಬಹಳ ಕಠಿಣ. ನಲವತ್ತರ ಆಸುಪಾಸಿನವರು ಇಲ್ಲಿ ದುಡುಕಬಾರದು.

ಭಾಷೆಯನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಡಬ್ಲಿನ್ನಿನಲ್ಲಿ ಇಂಗ್ಲಿಷ್ ಸಾಕು, ಆಮ್‌ಸ್ಟರ್‌ಡ್ಯಾಮಿನಲ್ಲಿ ಬಹುಮಟ್ಟಿಗೆ ಸಾಕು, ಜರ್ಮನಿಯ ಕಚೇರಿಗಳಲ್ಲಿ ಸಾಲದು. ಆ ನಾಡಿನಿಂದ ಬಂದ ಕಿಟೆಲ್ ಕನ್ನಡ ಕಲಿತು 1894ರಲ್ಲಿ ನಮಗೆ ನಿಘಂಟನ್ನು ಕೊಟ್ಟರು, ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದರು. ನಮ್ಮವರು ಬಿ-1 ಮಟ್ಟದ ಜರ್ಮನ್ ಕಲಿಯುವುದು ಆ ಋಣದ ಬಡ್ಡಿಗೂ ಸಾಲದು. ಮಕ್ಕಳ ವಯಸ್ಸನ್ನು ಮಾತ್ರ ಚೆನ್ನಾಗಿ ನೋಡಬೇಕು. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೆಯ ತರಗತಿಯ ಬಳಿಕ, ಅಂದರೆ ಸುಮಾರು ಹತ್ತನೆಯ ವಯಸ್ಸಿನಲ್ಲಿ, ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ವಿಂಗಡಿಸುತ್ತಾರೆ. ಆರು ವರ್ಷದ ಮಗು ವರ್ಷದೊಳಗೆ ಭಾಷೆಯನ್ನು ಹೀರಿಕೊಳ್ಳುತ್ತದೆ. ಹದಿನಾಲ್ಕರ ಹುಡುಗಿಗೆ ಅದು ಅನ್ಯಾಯವಾಗಬಹುದು. ಅಂತಹ ಕುಟುಂಬಕ್ಕೆ ಐರ್ಲೆಂಡ್ ಒಳಿತೆಂದು ನಮ್ಮ ಅಭಿಪ್ರಾಯ. ಅಮೆರಿಕದಲ್ಲಿ ಹುಟ್ಟಿದ ಮಗು ದೊಡ್ಡವನಾದ ಮೇಲೆ ಯೂರೋಪಿನಲ್ಲಿದ್ದರೂ ಅಮೆರಿಕಕ್ಕೆ ತೆರಿಗೆಯ ವಿವರ ಸಲ್ಲಿಸಬೇಕಾದೀತು ಎಂಬುದನ್ನು ಹದಿನೆಂಟರ ಹೊತ್ತಿಗಾದರೂ ಅವನಿಗೆ ತಿಳಿಸಿರಬೇಕು. ಕನ್ನಡದ ಮಟ್ಟಿಗೆ ಚಿಂತೆಯಿಲ್ಲ. ಅಕ್ಕ ಸಮ್ಮೇಳನದಂತಹ ಭಾರೀ ಜಾತ್ರೆ ಇರದಿದ್ದರೂ, ಫ್ರಾಂಕ್‌ಫರ್ಟಿನಲ್ಲಿ ರೈನ್ ಮೈನ್ ಕನ್ನಡ ಸಂಘವಿದೆ, ಮ್ಯೂನಿಕ್ಕಿನಲ್ಲಿ ಸಿರಿಗನ್ನಡಕೂಟವಿದೆ.

ಅಮೆರಿಕದಲ್ಲಿ ಹತ್ತು ವರ್ಷ ಬೆಳೆಸಿದ ಕ್ರೆಡಿಟ್ ಸ್ಕೋರ್ ಯೂರೋಪಿನಲ್ಲಿ ಶೂನ್ಯ. ಬಾಡಿಗೆ ಮನೆ ಕೇಳುವಾಗ ಸಂಬಳ ಪತ್ರವೇ ಆಧಾರ. ಜರ್ಮನಿಯಲ್ಲಿ ಮುಂಗಡ ಮೂರು ತಿಂಗಳ ಮೂಲ ಬಾಡಿಗೆಯವರೆಗೆ. ಅಡುಗೆಮನೆಯ ಕಪಾಟು, ಒಲೆ, ತೊಟ್ಟಿ ಯಾವುದೂ ಇಲ್ಲದ ಬರಿಯ ಗೋಡೆಯ ಮನೆಗಳು ಅಲ್ಲಿ ಸಾಮಾನ್ಯ. ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಅದಿಲ್ಲದೆ ಮುಂದಿನ ಕೆಲಸ ಸಾಗದು. ಅಮೆರಿಕದ ಪ್ರಜೆಗಳಿಗೆ ಹೂಡಿಕೆ ಖಾತೆ ತೆರೆಯಲು ಹಿಂಜರಿಯುವ ಬ್ಯಾಂಕುಗಳಿವೆ. ಆದರೆ ಒಕ್ಕೂಟದಲ್ಲಿ ಕಾನೂನುಬದ್ಧವಾಗಿ ವಾಸಿಸುವವರಿಗೆ ಮೂಲ ಪಾವತಿ ಖಾತೆಯ ಹಕ್ಕುಂಟು, ಅದನ್ನು ಕೇಳಿ ಪಡೆಯಬಹುದು. ಚಾಲನಾ ಪರವಾನಗಿಗೆ ಜರ್ಮನಿಯಲ್ಲಿ ಆರು ತಿಂಗಳ ಗಡುವು. ಬದಲಾಯಿಸಿಕೊಡುತ್ತಾರೋ ಪರೀಕ್ಷೆ ಬರೆಯಿಸುತ್ತಾರೋ ಎಂಬುದು ಅಮೆರಿಕದ ಯಾವ ರಾಜ್ಯದ ಪರವಾನಗಿ ಎಂಬುದನ್ನು ಅವಲಂಬಿಸಿದೆ.

ಸಾಮಾನುಗಳ ಮಟ್ಟಿಗೆ, ಹನ್ನೆರಡು ತಿಂಗಳು ಒಕ್ಕೂಟದ ಹೊರಗೆ ವಾಸವಿದ್ದವರು ಆರು ತಿಂಗಳಾದರೂ ಬಳಸಿದ ಮನೆಯ ವಸ್ತುಗಳನ್ನು ಸುಂಕವಿಲ್ಲದೆ ತರಬಹುದು. ಆಭರಣಗಳ ಪಟ್ಟಿ, ಫೋಟೋ, ರಸೀದಿಗಳನ್ನು ಕೈಯಲ್ಲಿಯೇ ಇಟ್ಟುಕೊಳ್ಳಬೇಕು. ಅಮೆರಿಕದ 120 ವೋಲ್ಟಿನ ಮಿಕ್ಸಿ, ಗ್ರೈಂಡರುಗಳನ್ನು ಅಲ್ಲಿಯೇ ಯಾರಿಗಾದರೂ ಕೊಟ್ಟುಬಿಡುವುದು ಒಳ್ಳೆಯದು. ಯೂರೋಪಿನ ವಿದ್ಯುತ್ತು ನಮ್ಮಲ್ಲಿಯಂತೆಯೇ 230 ವೋಲ್ಟ್, 50 ಹರ್ಟ್ಸ್. ಊರಿನಿಂದ ತಂದ ಮಿಕ್ಸಿ ಪಿನ್ನು ಬದಲಿಸುವ ಅಡಾಪ್ಟರ್ ಒಂದಿದ್ದರೆ ಸಾಕು, ಚಟ್ನಿ ಅರೆಯುತ್ತದೆ. ನೋಡಲು ಹೋಗುವ ಅಮ್ಮಂದಿರಿಗೆ ಮಾತ್ರ ಒಂದು ಎಚ್ಚರಿಕೆ. ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ. ಮನೆಯ ತುಪ್ಪವೂ ಧಾರವಾಡದ ಪೇಡೆಯೂ ಅದರಲ್ಲಿ ಸೇರಿವೆ. ಹಸಿ ಕರಿಬೇವೂ ಆಗದು. ಸಸ್ಯ ಆರೋಗ್ಯ ಪತ್ರವಿಲ್ಲದೆ ಒಯ್ಯಬಹುದಾದ ಐದು ಹಣ್ಣುಗಳಲ್ಲಿ ತೆಂಗಿನಕಾಯಿ ಮತ್ತು ಬಾಳೆಹಣ್ಣು ಇವೆ. ಗೃಹಪ್ರವೇಶದ ಪೂಜೆಗೆ ಅಷ್ಟಾದರೂ ಚೀಲದಲ್ಲಿ ಹೋಗಬಹುದು.